ವಾಹನ ಬರುವವರೆಗಿನ ಹೊತ್ತು

2024ರ ನವೆಂಬರ್ 20ರಂದು ಮಾಗನೂರಿನ ಜಿಲ್ಲಾ ಪರಿಷತ್ ಪ್ರೌಢಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ ಹಲವಾರು ಮಕ್ಕಳು ವಾಂತಿ, ಹೊಟ್ಟೆನೋವಿನಿಂದ ಅಸ್ವಸ್ಥರಾದರು. ಅವರನ್ನು ಮಕ್ತಲ್ ಸರ್ಕಾರಿ ಆಸ್ಪತ್ರೆಗೆ ಸಾಗಿಸಲಾಯಿತು. ವಾರ ತುಂಬುವ ಮೊದಲೇ, 26ರಂದು, ಅದೇ ಶಾಲೆಯ ಮಕ್ಕಳು ಮತ್ತೊಮ್ಮೆ ಅಸ್ವಸ್ಥರಾದರು. ಸುದ್ದಿ ತೆಲಂಗಾಣ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಅಂದಿನ ಮುಖ್ಯ ನ್ಯಾಯಮೂರ್ತಿ ಅಲೋಕ್ ಅರಾಧೆ ಅವರಿದ್ದ ಪೀಠವು ಒಂದೇ ವಾರದಲ್ಲಿ ಎರಡು ಸಲ ಹೀಗಾದುದಕ್ಕೆ ತೀವ್ರ ಅಸಮಾಧಾನ ವ್ಯಕ್ತಪಡಿಸಿತು.

ಆಗ ನಡೆದ ಚರ್ಚೆಯೆಲ್ಲ ಅಡುಗೆಯ ಕುರಿತಾಗಿತ್ತು. ಅಕ್ಕಿ ಎಂಥದು, ಅಡುಗೆಯ ಮನೆ ಹೇಗಿತ್ತು, ಬಡಿಸುವ ಮೊದಲು ರುಚಿ ನೋಡಿದವರು ಯಾರು, ಕಾರಣ ಶಾಲೆಯ ಊಟವೋ ಹೊರಗಿನ ತಿಂಡಿಯೋ, ಯಾರ ಮೇಲೆ ಕ್ರಮ ಜರುಗಿಸಬೇಕು. ಈ ಪ್ರಶ್ನೆಗಳೆಲ್ಲ ಕೇಳಲೇಬೇಕಾದವು. ಆದರೆ ಒಂದು ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಹೆಚ್ಚಾಗಿ ಬರಲಿಲ್ಲ. ಮೊದಲ ಮಗು ವಾಂತಿ ಮಾಡಿಕೊಂಡ ಗಳಿಗೆಯಿಂದ ಆಸ್ಪತ್ರೆಯ ವಾಹನ ಶಾಲೆಯ ಅಂಗಳಕ್ಕೆ ಬರುವವರೆಗಿನ ಹೊತ್ತಿನಲ್ಲಿ ಏನು ಮಾಡಬೇಕೆಂಬುದು ಶಾಲೆಗಳಲ್ಲಿ ಯಾರಿಗಾದರೂ ಕಲಿಸಲ್ಪಟ್ಟಿದೆಯೇ? ಮಾಗನೂರೊಂದರ ಮಾತಲ್ಲ ಇದು. ಕೃಷ್ಣಾ, ಮಕ್ತಲ್, ನಾರಾಯಣಪೇಟೆ, ಗದ್ವಾಲ ಭಾಗದ ನಮ್ಮ ಕನ್ನಡ ಶಾಲೆಗಳ ಪಾಲಕರೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ಆ ಹೊತ್ತು ಕೆಲವೊಮ್ಮೆ ಹತ್ತು ನಿಮಿಷ, ಕೆಲವೊಮ್ಮೆ ಮುಕ್ಕಾಲು ಗಂಟೆ. ಅದು ವೈದ್ಯರದ್ದಲ್ಲ, ಅಧಿಕಾರಿಗಳದ್ದಲ್ಲ, ಅಲ್ಲಿ ಇದ್ದವರದ್ದು. ಶಾಲೆಯಲ್ಲಿ ಇದ್ದವರೆಂದರೆ ಇಬ್ಬರೋ ಮೂವರೋ ಶಿಕ್ಷಕರು, ಅಡುಗೆಯ ತಾಯಂದಿರು, ಮತ್ತೆ ಮಕ್ಕಳೇ.

ಊಟದಿಂದ ಮಕ್ಕಳು ಅಸ್ವಸ್ಥರಾದಾಗ ಒಂಬತ್ತನೆಯ ತರಗತಿಯ ಮಗುವೂ ಮಾಡಬಹುದಾದ ಕೆಲಸಗಳು ಹಲವಿವೆ. ವಾಂತಿ ಮಾಡುತ್ತಿರುವ ಮಗುವನ್ನು ಅಂಗಾತ ಮಲಗಿಸದೆ ಪಕ್ಕಕ್ಕೆ ತಿರುಗಿಸಿ ಮಲಗಿಸಬೇಕು. ಇಲ್ಲವಾದರೆ ವಾಂತಿ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಎಚ್ಚರವಿರುವ ಮಗುವಿಗೆ ಓಆರ್‌ಎಸ್ ನೀರನ್ನು ಒಮ್ಮೆಲೇ ಕುಡಿಸದೆ ಗುಟುಕು ಗುಟುಕಾಗಿ ಕೊಡಬೇಕು. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ಏನನ್ನೂ ಹಾಕಬಾರದು. ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವ ಹಳೆಯ ರೂಢಿಯನ್ನು ಬಿಡಬೇಕು. ಒಬ್ಬರು ನೋಟ್‌ಪುಸ್ತಕ ಹಿಡಿದು ಯಾವ ಮಗು, ಏನು ತಿಂದಿತು, ಎಷ್ಟು ಹೊತ್ತಿಗೆ ವಾಂತಿ ಶುರುವಾಯಿತು, ಎಷ್ಟು ಸಲ ಆಯಿತು ಎಂದು ಬರೆಯಬೇಕು. ಇನ್ನೊಬ್ಬರು ಉಳಿದ ಅನ್ನ, ಸಾರುಗಳನ್ನು ಚೆಲ್ಲದಂತೆ ಮುಚ್ಚಿಡಬೇಕು. ಆಸ್ಪತ್ರೆಯ ಬಾಗಿಲಲ್ಲಿ ವೈದ್ಯರು ಮೊದಲು ಕೇಳುವುದು ಇದನ್ನೇ. ಬರೆದ ಒಂದು ಹಾಳೆ ಕೈಯಲ್ಲಿದ್ದರೆ ಯಾರನ್ನು ಮೊದಲು ನೋಡಬೇಕೆಂಬುದು ಅವರಿಗೆ ಬೇಗ ತಿಳಿಯುತ್ತದೆ.

ಓಆರ್‌ಎಸ್ ಎಂಬ ಆ ಪುಡಿಯ ಪೊಟ್ಟಣದ ಹಿಂದೆ ಒಂದು ಕಥೆಯಿದೆ, ಮಕ್ಕಳಿಗೆ ಹೇಳತಕ್ಕದ್ದು. 1971ರಲ್ಲಿ ಬಾಂಗ್ಲಾದೇಶದ ಯುದ್ಧಕ್ಕೆ ಬೆದರಿ ಗಡಿ ದಾಟಿ ಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ದಿಲೀಪ್ ಮಹಲನಬಿಸ್ ಎಂಬ ಮಕ್ಕಳ ವೈದ್ಯರ ಬಳಿ ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂತು. ಅವರು ಗ್ಲುಕೋಸ್, ಅಡುಗೆ ಉಪ್ಪು, ಸೋಡಾ ಪುಡಿಗಳನ್ನು ಲೆಕ್ಕ ಹಿಡಿದು ನೀರಿಗೆ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿದರು. ರೋಗಿಗಳ ಮನೆಯವರೇ ಅದನ್ನು ಲೋಟದಲ್ಲಿ ತೆಗೆದು ಕುಡಿಸಿದರು. ಶಿಬಿರದಲ್ಲಿ ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇದಕ್ಕಾಗಿ ದೇಶ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಕೊಟ್ಟಿತು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ಚಮಚ ಎಂದರೆ ಚಹಾದ ಸಣ್ಣ ಚಮಚ, ಗುಡ್ಡೆಯಾಗಿ ತುಂಬುವಂತಿಲ್ಲ. ಉಪ್ಪು ಹೆಚ್ಚಾದರೆ ಅಪಾಯ. ಪ್ರಯೋಗಶಾಲೆಯಿಲ್ಲದ ಶಾಲೆಯಲ್ಲೂ ಮಾಡಿ ತೋರಿಸಬಹುದಾದ ವಿಜ್ಞಾನದ ಪಾಠವಿದು.

ಎಲ್ಲ ವಾಂತಿಯೂ ಕೆಟ್ಟ ಅನ್ನದಿಂದ ಬರುವುದಲ್ಲ ಎಂಬುದನ್ನೂ ಕಲಿಸಬೇಕಾಗಿದೆ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಊಟ ಮಾಡಿದ 23 ಮಕ್ಕಳು ಪ್ರಾಣ ಕಳೆದುಕೊಂಡರು. ಆಹಾರದಲ್ಲಿ ಸೇರಿದ್ದುದು ಮಾನೋಕ್ರೋಟೋಫಾಸ್ ಎಂಬ ಕೀಟನಾಶಕ. ನಮ್ಮದು ಹತ್ತಿಯ ನಾಡು. ಔಷಧಿ ಸಿಂಪಡಿಸಿದ ಖಾಲಿ ಡಬ್ಬಿ ಎಷ್ಟು ಮನೆಗಳಲ್ಲಿ ನೀರಿಗೋ ಸೀಮೆಎಣ್ಣೆಗೋ ಬಳಕೆಯಾಗುತ್ತದೆಂಬುದನ್ನು ಪಾಲಕರೇ ಬಲ್ಲರು. ಬಾಯಲ್ಲಿ ಜೊಲ್ಲು ಸುರಿಯುವುದು, ವಿಪರೀತ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ಉಸಿರಿಗೆ ಕಷ್ಟವಾಗುವುದು ಇವು ಅಂಥ ವಿಷದ ಗುರುತುಗಳು. ಆಗ ಓಆರ್‌ಎಸ್ ಕುಡಿಸುತ್ತ ಕೂರುವ ಹೊತ್ತಲ್ಲ. ಮೈಮೇಲೆ ಬಿದ್ದಿದ್ದರೆ ಬಟ್ಟೆ ತೆಗೆದು ಸಾಬೂನು ಹಚ್ಚಿ ತೊಳೆದು, ಆ ಡಬ್ಬಿಯನ್ನೋ ಅದರ ಚೀಟಿಯನ್ನೋ ಜೊತೆಗೆ ಹಿಡಿದು ಆಸ್ಪತ್ರೆಗೆ ಓಡಬೇಕು. ಡಬ್ಬಿಯ ಹೆಸರು ಗೊತ್ತಾದರೆ ಮದ್ದು ಬೇಗ ಸಿಗುತ್ತದೆ.

ಇಲ್ಲಿ ನನ್ನದೊಂದು ನೆನಪು. ಐದನೆಯ ತರಗತಿಯಲ್ಲಿದ್ದಾಗ ಚಹಾ ಕಾಯಿಸುವ ಪಾತ್ರೆ ಜಾರಿ ನನ್ನ ಮುಂಗೈ ಸುಟ್ಟಿತು. ನಮ್ಮ ಗುರುಗಳು ಕರುಣಾಳುಗಳು. ಮೇಜಿನ ಮೇಲಿದ್ದ ಮಸಿಯ ದೌತಿಯನ್ನು ಅದರ ಮೇಲೆ ಸುರಿದುಬಿಟ್ಟರು. ಮನೆಗೆ ಹೋದ ಮೇಲೆ ಅಜ್ಜಿ ಅರಿಶಿಣ ಹಚ್ಚಿದಳು. ಮರುದಿನ ಕಂಪೌಂಡರು ನೀಲಿ ಹಳದಿ ಎರಡನ್ನೂ ಕೆರೆದು ತೆಗೆಯುವಾಗ ಆದ ನೋವು ಸುಟ್ಟಾಗ ಆದುದಕ್ಕಿಂತ ಹೆಚ್ಚು. ಇಬ್ಬರ ಪ್ರೀತಿಯಲ್ಲೂ ಕೊರತೆಯಿರಲಿಲ್ಲ. ತಣ್ಣೀರು ಹುಯ್ಯಬೇಕೆಂಬುದು ಇಬ್ಬರಿಗೂ ತಿಳಿದಿರಲಿಲ್ಲ, ಅಷ್ಟೆ. ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕು. ಬಳೆ, ಉಂಗುರಗಳನ್ನು ಬಾವು ಬರುವ ಮೊದಲೇ ಕಳಚಬೇಕು. ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಬೇಕು. ಹಲ್ಲುಜ್ಜುವ ಪೇಸ್ಟ್, ಮಸಿ, ಎಣ್ಣೆ, ಮಂಜುಗಡ್ಡೆ ಯಾವುದೂ ಬೇಡ. 2023ರ ನವೆಂಬರಿನಲ್ಲಿ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಎರಡನೆಯ ತರಗತಿಯ ಬಾಲಕಿ ಬಿಸಿ ಸಾಂಬಾರಿನ ಪಾತ್ರೆಗೆ ಬಿದ್ದು, ಕೆಲವು ದಿನಗಳ ಬಳಿಕ ಬೆಂಗಳೂರಿನಲ್ಲಿ ತೀರಿಕೊಂಡಳು. ಅಷ್ಟು ದೊಡ್ಡ ಸುಟ್ಟಗಾಯವನ್ನು ತಣ್ಣೀರೊಂದೇ ಗೆಲ್ಲಲಾರದು. ಆದರೂ ಬಿಸಿಯೂಟದ ಪಾತ್ರೆಗಳಿರುವ ಪ್ರತಿಯೊಂದು ಶಾಲೆಯೂ ಕಲಿತಿರಬೇಕಾದ ಮೊದಲ ಕೆಲಸ ಅದೇ.

ತಿಳಿಯದಿರುವುದಕ್ಕಿಂತ ತಪ್ಪು ತಿಳಿದಿರುವುದು ಹೆಚ್ಚು ಹಾನಿ ಮಾಡುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ನೀರಿನಲ್ಲಿ ಮುಳುಗಿ ಸತ್ತ ಬಾಲಕನನ್ನು ಮನೆಯವರು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಹೂತಿಟ್ಟು ಕಾದರು. ಹಾಗೆ ಮಾಡಿದರೆ ಜೀವ ಮರಳುತ್ತದೆಂಬ ಸಂದೇಶ ಅವರಿಗೆ ಮೊಬೈಲಿನಲ್ಲಿ ಬಂದಿತ್ತು. ಮುಂದಿನ ವರ್ಷದ ಡಿಸೆಂಬರಿನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿ ಇಬ್ಬರು ಬಾಲಕರ ದೇಹಗಳಿಗೆ ಮತ್ತೆ ಅದೇ ಆಯಿತು. ಆ ತಂದೆತಾಯಿಗಳನ್ನು ಮೂಢರೆಂದು ಜರೆಯುವುದು ಸುಲಭ. ನನಗೆ ಮನಸ್ಸು ಬಾರದು. ಮಗುವನ್ನು ಕಳೆದುಕೊಂಡವರು ಕೈಗೆ ಸಿಕ್ಕ ಹುಲ್ಲುಕಡ್ಡಿಯನ್ನೂ ಹಿಡಿಯುತ್ತಾರೆ. ಯೋಚಿಸಬೇಕಾದುದು ಬೇರೆ. ಆ ಸುಳ್ಳು ಅವರ ಮನೆಬಾಗಿಲಿಗೇ ಬಂದು ತಲುಪಿತು. ನೀರಿನಿಂದ ತೆಗೆದ ದೇಹಕ್ಕೆ ಆ ಕ್ಷಣದಲ್ಲೇ ಉಸಿರು ಊದಬೇಕು, ಎದೆ ಒತ್ತಬೇಕು ಎಂಬ ನಿಜ ಮಾತ್ರ ಅಷ್ಟೇ ಬೇಗ, ಅಷ್ಟೇ ಸರಳ ಕನ್ನಡದಲ್ಲಿ ಬಂದು ತಲುಪಿರಲಿಲ್ಲ.

ನೀರಿನ ಭಯ ನಮ್ಮ ಸೀಮೆಗೆ ಹೊಸದಲ್ಲ. ಒಂದು ಕಡೆ ಕೃಷ್ಣೆ, ಅವಳನ್ನು ಕೂಡಿಕೊಳ್ಳುವ ಭೀಮೆ. ಗದ್ವಾಲದ ಕಡೆ ಹೋದರೆ ಜೂರಾಲಾ ಅಣೆಕಟ್ಟೆಯ ಕಾಲುವೆಗಳು. ಹೊಲಹೊಲಗಳಲ್ಲಿ ತೋಡಿದ ಹೊಂಡಗಳು. ಕುರುವಪುರದ ಗುಡಿಗೆ ಹರಿಗೋಲಿನಲ್ಲಿ ದಾಟಿ ಹೋಗುವುದು ಇಲ್ಲಿನ ಎಷ್ಟೋ ಮನೆತನಗಳ ರೂಢಿ. ನದಿಯ ಹುಟ್ಟು ಮಕ್ಕಳಾದರೂ ಈಜು ಬಲ್ಲವರು ಕಡಿಮೆ. ಬೇಸಿಗೆಯ ರಜೆ ಬಂತೆಂದರೆ ಪತ್ರಿಕೆಗಳಲ್ಲಿ ಕಾಲುವೆಗೆ ಬಿದ್ದವರ ಸುದ್ದಿ ತಪ್ಪುವುದಿಲ್ಲ. ಅಂಥ ಸುದ್ದಿಗಳಲ್ಲಿ ಮತ್ತೆ ಮತ್ತೆ ಕಾಣುವ ದುಃಖವೊಂದಿದೆ: ಮುಳುಗುವವನನ್ನು ಎಳೆಯಲು ಹಾರಿದ ಗೆಳೆಯನೂ ಮುಳುಗುತ್ತಾನೆ. ಆದುದರಿಂದ ಮಕ್ಕಳಿಗೆ ನೀರಿನ ವಿಷಯದಲ್ಲಿ ಮೊದಲು ಕಲಿಸಬೇಕಾದುದು ಹಾರಬಾರದು ಎಂಬುದನ್ನು. ಕೂಗು, ಎಸೆ, ಎಳೆ: ಈ ಮೂರು ಮಾತು ಸಾಕು. ದೊಡ್ಡವರನ್ನು ಕೂಗಿ ಕರೆ. ತೇಲುವುದೇನಿದ್ದರೂ ಎಸೆ, ಖಾಲಿ ಪ್ಲಾಸ್ಟಿಕ್ ಬಿಂದಿಗೆ, ಮುಚ್ಚಳ ಬಿಗಿದ ಎಣ್ಣೆಯ ಡಬ್ಬಿ ಏನಾದರೂ ಆದೀತು. ದಡದಲ್ಲಿ ಬೋರಲು ಮಲಗಿ ಕೋಲು, ಸೀರೆ, ಹಗ್ಗ ಚಾಚಿ ಎಳೆ.

ಮೇಲೆ ತಂದ ಮೇಲೆ ಕಾಲು ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಸಲ್ಲದು. ಹೊಟ್ಟೆಯ ನೀರು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಸಮಯವೂ ಹಾಳಾಗುತ್ತದೆ. ಸಮನೆಲದ ಮೇಲೆ ಅಂಗಾತ ಮಲಗಿಸಿ, ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಉಸಿರು ಊದಬೇಕು. ಅನಂತರ ಎದೆಯ ನಟ್ಟನಡುವೆ ಒತ್ತಬೇಕು. ದೊಡ್ಡವರಿಗಾದರೆ ಎರಡೂ ಕೈ ಸೇರಿಸಿ ಎರಡು ಅಂಗುಲ ತಗ್ಗುವಂತೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು ಅಕಾಲಿಕವಾಗಿ ತೀರಿಕೊಂಡ ಮೇಲೆ ಈ ಎದೆ ಒತ್ತುವ ವಿದ್ಯೆಯ ಹೆಸರು ಕನ್ನಡಿಗರ ಮನೆಮನೆಗೂ ಬಂತು. ಹೆಸರು ತಿಳಿದವರು ಬಹಳ. ಒಂದು ದಿಂಬಿನ ಮೇಲಾದರೂ ಒತ್ತಿ ನೋಡಿದವರು ಎಷ್ಟು ಮಂದಿ?

ಇನ್ನು ಹಾವಿನ ಮಾತು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅವರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಹದಿನೈದು ವರ್ಷದೊಳಗಿನ ಮಕ್ಕಳು. ಸಾವುಗಳಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ಮಳೆಗಾಲದಲ್ಲಿ ಆಗುತ್ತವೆ. ನಮ್ಮಲ್ಲಿ ಶಾಲೆಗಳು ಬಾಗಿಲು ತೆರೆಯುವುದೂ ಅದೇ ಕಾಲದಲ್ಲಿ. ತೆಲಂಗಾಣ ಸೇರಿದ್ದ ಹಿಂದಿನ ಆಂಧ್ರಪ್ರದೇಶವು ಹೆಚ್ಚು ಸಾವು ಕಂಡ ರಾಜ್ಯಗಳಲ್ಲಿ ಒಂದು. ನದಿಯಾಚೆಯ ಕರ್ನಾಟಕ ಸರ್ಕಾರವು 2024ರ ಆರಂಭದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕಾರ್ಯಯೋಜನೆಯೊಂದನ್ನು ಹೊರತಂದಿತು.

2019ರ ನವೆಂಬರಿನಲ್ಲಿ ಕೇರಳದ ವಯನಾಡು ಜಿಲ್ಲೆಯ ಸುಲ್ತಾನ್ ಬತ್ತೇರಿಯ ಶಾಲೆಯೊಂದರಲ್ಲಿ, ತರಗತಿಯೊಳಗೇ ಇದ್ದ ಪೊಟರೆಯಲ್ಲಿ ಹಾವು ಕಚ್ಚಿ ಐದನೆಯ ತರಗತಿಯ ಬಾಲಕಿ ಸತ್ತಳು. ಹಾವು ಕಚ್ಚಿದೆಯೆಂದು ಮಕ್ಕಳು ಹೇಳಿದರೂ ಅವಳನ್ನು ಕೂಡಲೇ ಆಸ್ಪತ್ರೆಗೆ ಒಯ್ಯಲಿಲ್ಲವೆಂಬ ದೂರು ರಾಜ್ಯವನ್ನೇ ಅಲುಗಾಡಿಸಿತು. ನನಗೆ ಆ ಸುದ್ದಿಯಲ್ಲಿ ಮರೆಯಲಾಗದೆ ಉಳಿದದ್ದು ಮಕ್ಕಳು ಹೇಳಿದರು ಎಂಬ ಮಾತು. ಆಪತ್ತನ್ನು ಮೊದಲು ಗುರುತಿಸಿದವರು ಮಕ್ಕಳೇ. ದೊಡ್ಡವರು ಕೇಳಿಸಿಕೊಳ್ಳುವಂತೆ ಹೇಳುವುದನ್ನು ಅವರಿಗೆ ಕಲಿಸಬೇಕಾಗಿದೆ. ಅವರ ಮಾತಿಗೆ ಕಿವಿಗೊಡುವುದನ್ನು ನಾವು ಕಲಿಯಬೇಕಾಗಿದೆ.

ಹಾವು ಕಚ್ಚಿದಾಗ ಮಾಡಬೇಕಾದ ಕೆಲಸಗಳು ಕೆಲವೇ. ಮಾಡಬಾರದ ಕೆಲಸಗಳೇ ಹೆಚ್ಚು. ಹಗ್ಗದಿಂದ ಬಿಗಿದು ಕಟ್ಟಬಾರದು. ರಕ್ತ ನಿಂತು ಕಾಲೇ ಕೊಳೆಯಬಹುದು. ಬ್ಲೇಡಿನಿಂದ ಕೊಯ್ಯಬಾರದು, ಬಾಯಿಂದ ಹೀರಬಾರದು. ಬೇರು, ಸೊಪ್ಪು, ಕೋಳಿಮರಿ, ಕಲ್ಲು ಯಾವುದನ್ನೂ ಗಾಯಕ್ಕೆ ಹಿಡಿಯಬಾರದು. ಹಾವನ್ನು ಕೊಂದು ತರಲು ಓಡಬಾರದು. ಮಗುವನ್ನು ಮಲಗಿಸಿ ಧೈರ್ಯ ಹೇಳಬೇಕು. ಕಾಲ್ಗೆಜ್ಜೆ, ಬಳೆ, ಕಾಲಿಗೆ ಕಟ್ಟಿದ ಕರಿದಾರ ಇದ್ದರೆ ಬಿಚ್ಚಬೇಕು. ಮೂಳೆ ಮುರಿದಾಗ ಮಾಡುವಂತೆ ಕಚ್ಚಿದ ಕಾಲಿಗೋ ಕೈಗೋ ಒಂದು ಹಲಗೆ ಇಟ್ಟು, ಬಿಗಿಯಿಲ್ಲದಂತೆ ಬಟ್ಟೆ ಸುತ್ತಿ, ಅಲುಗದಂತೆ ಮಾಡಬೇಕು. ನಡೆಸದೆ ಎತ್ತಿಕೊಂಡು ಹೋಗಬೇಕು. ಕಚ್ಚಿದ ಗಳಿಗೆಯನ್ನು ಬರೆದಿಟ್ಟುಕೊಳ್ಳಬೇಕು. ವಿಷಕ್ಕೆ ಮದ್ದೆಂದರೆ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವ ಪ್ರತಿವಿಷ ಒಂದೇ. ಮಂತ್ರ ಹಾಕಿಸಿದ ಮೇಲೆ ಬದುಕಿದವರ ಕಥೆಗಳು ಪ್ರತಿ ಊರಿನಲ್ಲೂ ಇವೆ. ಬಹುತೇಕ ಹಾವುಗಳಿಗೆ ವಿಷವೇ ಇಲ್ಲ; ವಿಷವಿದ್ದವೂ ಪ್ರತಿ ಸಲ ವಿಷ ಇಳಿಸುವುದಿಲ್ಲ. ಆ ಕಥೆಗಳ ಗುಟ್ಟು ಅಷ್ಟೇ.

ನಾಗರಹಾವು, ಕೊಳಕುಮಂಡಲ, ಗರಗಸಮಂಡಲಗಳನ್ನು ನಮ್ಮ ಮಕ್ಕಳು ಬಲ್ಲರು. ಕಟ್ಟುಹಾವಿನ ವಿಷಯ ಮಾತ್ರ ತಾಯಂದಿರು ವಿಶೇಷವಾಗಿ ತಿಳಿದಿರಬೇಕು. ಅದು ರಾತ್ರಿ ಸಂಚರಿಸುವ ಹಾವು. ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ನೋವು, ಬಾವು ಇರುವುದೇ ಇಲ್ಲವೆನ್ನಬಹುದು. ಮಗು ನಸುಕಿನಲ್ಲಿ ಎದ್ದು ಹೊಟ್ಟೆನೋವೆನ್ನುತ್ತದೆ. ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ. ದೃಷ್ಟಿಯೋ ಗಾಳಿಯೋ ಆಯಿತೆಂದು ನಿವಾಳಿಸುತ್ತ ಕುಳಿತರೆ ಉಸಿರೇ ನಿಲ್ಲುತ್ತದೆ. ಬೆಳಗಿನ ಹೊಟ್ಟೆನೋವು ಮತ್ತು ಜೋತುಬಿದ್ದ ರೆಪ್ಪೆ ಒಟ್ಟಿಗೆ ಕಂಡರೆ ಗಾಯದ ಗುರುತು ಹುಡುಕುವ ಅವಶ್ಯಕತೆಯೂ ಇಲ್ಲ, ಆಸ್ಪತ್ರೆಗೆ ಹೊರಡಬೇಕು.

ಈವರೆಗೆ ಹೇಳಿದ್ದು ಯಾವ ಊರಿನ ಶಾಲೆಗಾದರೂ ಸಲ್ಲುವ ಮಾತು. ಗಡಿಯಲ್ಲಿರುವ ಕನ್ನಡ ಶಾಲೆಗೆ ಮಾತ್ರ ಇರುವ ತೊಡಕೊಂದಿದೆ. ಅದು ಫೋನಿನಲ್ಲಿ ಮಾತನಾಡುವುದು.

108 ಸಂಖ್ಯೆಯ ಸೇವೆ ಆರಂಭವಾದದ್ದು 2005ರ ಆಗಸ್ಟ್‌ನಲ್ಲಿ, ಹೈದರಾಬಾದಿನಲ್ಲೇ. ಕರ್ನಾಟಕಕ್ಕೆ ಅದು 2008ರಲ್ಲಿ ಆರೋಗ್ಯ ಕವಚವೆಂಬ ಹೆಸರಿನಿಂದ ಬಂತು. ಸಂಖ್ಯೆ ಒಂದೇ ಆದರೂ ಎರಡು ರಾಜ್ಯಗಳ ಕೇಂದ್ರಗಳು ಬೇರೆ ಬೇರೆ. ನದಿಯ ದಡದಲ್ಲಿ ನಿಂತು ಮೊಬೈಲ್ ತೆಗೆದರೆ ಅದು ಈಚೆಯ ಗೋಪುರಕ್ಕೆ ಸಿಕ್ಕೀತೋ ಆಚೆಯದಕ್ಕೆ ಸಿಕ್ಕೀತೋ ಹೇಳಲಾಗದೆಂಬುದು ಗಡಿಯವರೆಲ್ಲ ಬಲ್ಲ ಸಂಗತಿ. ಕರೆ ಈಚೆಯ ಕೇಂದ್ರಕ್ಕೆ ಹೋದರೆ ಉತ್ತರ ತೆಲುಗಿನಲ್ಲಿ ಬರುತ್ತದೆ. ಆಚೆಗೆ ಹೋದರೆ ಕನ್ನಡ ಕೇಳಿಸುತ್ತದೆ, ಆದರೆ ಅವರು ಕೇಳುವುದು ತಾಲ್ಲೂಕನ್ನು, ನಮ್ಮ ಮಗು ಹೇಳುವುದು ಮಂಡಲವನ್ನು. ಕೃಷ್ಣಾ ಎಂದಷ್ಟೇ ಹೇಳಿದರೆ ನದಿಯೋ, ರೈಲು ನಿಲ್ದಾಣವೋ, ಆಂಧ್ರದ ಕೃಷ್ಣಾ ಜಿಲ್ಲೆಯೋ ಎಂದು ಕೇಳುವವರು ತಬ್ಬಿಬ್ಬಾಗುತ್ತಾರೆ. ನಮ್ಮ ಹಿಂದೂಪುರದವರು ಊರಿನ ಹೆಸರು ಹೇಳಿ ಸುಮ್ಮನಾದರೆ ಅನಂತಪುರದಾಚೆಯ ದೊಡ್ಡ ಹಿಂದೂಪುರ ನೆನಪಾದರೆ ತಪ್ಪೇನಿಲ್ಲ. ಆದುದರಿಂದ ಊರು, ಮಂಡಲ, ಜಿಲ್ಲೆ, ರಾಜ್ಯ, ಹತ್ತಿರದ ಗುರುತು ಇವನ್ನು ಒಂದೇ ಉಸಿರಿನಲ್ಲಿ ಹೇಳುವುದನ್ನು ಮಗು ಮಗ್ಗಿಯಂತೆ ಬಾಯಿಪಾಠ ಮಾಡಬೇಕು.

ಜೊತೆಗೆ ತೆಲುಗಿನ ನಾಲ್ಕಾರು ಮಾತುಗಳು. ಪಾಮು ಕರಿಚಿಂದಿ, ಹಾವು ಕಚ್ಚಿದೆ. ನೀಳ್ಳಲ್ಲೋ ಮುನಿಗಿಪೋಯಾಡು, ನೀರಿನಲ್ಲಿ ಮುಳುಗಿದ್ದಾನೆ. ಸ್ಪೃಹ ಲೇದು, ಎಚ್ಚರವಿಲ್ಲ. ಕಾಲಿಂದಿ, ಸುಟ್ಟಿದೆ. ವಾಂತುಲು ಅವುತುನ್ನಾಯಿ, ವಾಂತಿಯಾಗುತ್ತಿದೆ. ನಮ್ಮ ಮಕ್ಕಳಿಗೆ ಬಜಾರಿನ ತೆಲುಗು ಬರುತ್ತದೆ, ನಿಜ. ಗಾಬರಿಯಾದಾಗ ಬಾಯಿಗೆ ಬರುವುದು ಮಾತ್ರ ಮನೆಯ ಮಾತೇ. ಈ ಐದಾರು ವಾಕ್ಯಗಳನ್ನು ಮೊದಲೇ ಅಭ್ಯಾಸ ಮಾಡಿದ ಮಗುವಿಗೆ ಆ ಹೊತ್ತಿನಲ್ಲಿ ಮಾತು ತಡವರಿಸದು. ಕೈ ಮಾಡಬೇಕಾದ ಕೆಲಸವನ್ನು ಕನ್ನಡದಲ್ಲಿ ಕಲಿಯಲಿ, ಕರೆಯುವುದನ್ನು ಎರಡೂ ಭಾಷೆಗಳಲ್ಲಿ ಕಲಿಯಲಿ ಎಂಬುದು ನನ್ನ ಆಗ್ರಹ. ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಭಿತ್ತಿಪತ್ರ ಅಂಟಿಸಿ ತರಬೇತಿ ಮುಗಿಯಿತೆಂದು ವರದಿ ಕಳಿಸುವುದರಿಂದ ಕನ್ನಡ ಶಾಲೆಯ ಮಗುವಿಗೆ ಏನೂ ದಕ್ಕುವುದಿಲ್ಲ.

ಆಸ್ಪತ್ರೆ ಯಾವುದೆಂಬುದನ್ನೂ ಮೊದಲೇ ನಿಶ್ಚಯಿಸಿಕೊಂಡಿರಬೇಕು. ಕೃಷ್ಣಾ ಮಂಡಲದವರಿಗೂ ಗದ್ವಾಲ ಸೀಮೆಯ ಗಟ್ಟು, ಕೆ.ಟಿ. ದೊಡ್ಡಿಯ ಕಡೆಯವರಿಗೂ ರಾಯಚೂರು ಹತ್ತಿರ; ಅಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಮಾಗನೂರಿನವರಿಗೆ ಮಕ್ತಲ್. ಹಾವಿನ ಪ್ರತಿವಿಷ ಎಲ್ಲಿ ಸಿಗುತ್ತದೆ, ಕೃತಕ ಉಸಿರಾಟದ ಯಂತ್ರ ಎಲ್ಲಿದೆ ಎಂಬುದನ್ನು ಆಪತ್ತು ಬಂದ ಮೇಲೆ ವಿಚಾರಿಸುವುದಲ್ಲ. ಶಾಲೆಯ ಗೋಡೆಯ ಮೇಲೆ ಮೊದಲೇ ಬರೆದಿರಬೇಕು.

ಇಷ್ಟೆಲ್ಲ ಮಕ್ಕಳ ತಲೆಯ ಮೇಲೆ ಹೇರಬೇಕೆ ಎಂದು ಕೆಲವು ಪಾಲಕರು ಕೇಳಬಹುದು. ನಾರ್ವೆ ದೇಶದಲ್ಲಿ 1961ರಿಂದಲೇ ಶಾಲೆಗಳಲ್ಲಿ ಉಸಿರು ಮರಳಿಸುವ ವಿದ್ಯೆ ಕಲಿಸುತ್ತಿದ್ದಾರೆ. ಡೆನ್ಮಾರ್ಕಿನಲ್ಲಿ 2005ರಿಂದ ಅದು ಕಡ್ಡಾಯ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಪ್ರಥಮ ಚಿಕಿತ್ಸೆ 2020ರಿಂದ ಪಾಠದ ಭಾಗ. ಹನ್ನೆರಡು ವರ್ಷದಿಂದ ಮೇಲಿನ ಮಕ್ಕಳಿಗೆ ವರ್ಷಕ್ಕೆ ಎರಡು ಗಂಟೆ ಕಲಿಸಿದರೆ ಸಾಕೆಂಬ ಹೇಳಿಕೆಯೊಂದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಪ್ಪಿಗೆಯ ಮುದ್ರೆ ಒತ್ತಿತು. ವರ್ಷಕ್ಕೆ ಎರಡು ಗಂಟೆ! ಸ್ವಾತಂತ್ರ್ಯ ದಿನದ ಕವಾಯತಿನ ಅಭ್ಯಾಸಕ್ಕೇ ನಾವು ಅದಕ್ಕಿಂತ ಹೆಚ್ಚು ಸಮಯ ಕೊಡುತ್ತೇವೆ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವಿಪತ್ತಿನ ಸಿದ್ಧತೆ, ಪ್ರಥಮ ಚಿಕಿತ್ಸೆಗಳು ಪಠ್ಯಕ್ರಮದಲ್ಲಿ ಇರಬೇಕೆಂದು ಹೇಳಿದೆ. ಸ್ಕೌಟ್ಸ್ ಮತ್ತು ಗೈಡ್ಸ್, ಜೂನಿಯರ್ ರೆಡ್‌ಕ್ರಾಸ್ ಘಟಕಗಳು ಇರುವ ಶಾಲೆಗಳಲ್ಲಿ ಬ್ಯಾಂಡೇಜು ಕಟ್ಟುವುದು ಹಿಂದಿನಿಂದಲೂ ಇದೆ. ಘಟಕಗಳಿಲ್ಲದ ಎರಡು ಕೋಣೆಯ ಕನ್ನಡ ಶಾಲೆಗೆ ಅದು ತಲುಪಬೇಕಾಗಿದೆ.

ವಯಸ್ಸಿಗೆ ತಕ್ಕಂತೆ ಕಲಿಸಬೇಕೆಂಬುದೂ ನಿಜ. ಹತ್ತು ವರ್ಷದ ಮಗುವಿನ ಮೈಭಾರ ದೊಡ್ಡವರ ಎದೆಯನ್ನು ಒತ್ತಲು ಸಾಲದು. ಆ ಮಗುವಿಗೆ ಕರೆಯುವುದು, ಎಚ್ಚರ ತಪ್ಪಿದವರನ್ನು ಪಕ್ಕಕ್ಕೆ ಮಲಗಿಸುವುದು, ಸುಟ್ಟಾಗ ನೀರು ಹುಯ್ಯುವುದು, ನೀರಿಗೆ ಹಾರದಿರುವುದು ಬಂದರೆ ಸಾಕು. ಫಿಟ್ಸ್ ಬಂದ ಗೆಳೆಯನ ಕೈಗೆ ಕಬ್ಬಿಣ ಹಿಡಿಸದೆ, ಬಾಯಿಗೆ ಚಮಚ ತುರುಕದೆ, ತಲೆಯ ಕೆಳಗೆ ಚೀಲ ಇಟ್ಟು ಗಡಿಯಾರ ನೋಡುವುದನ್ನು ಆರನೆಯ ತರಗತಿಯವರೂ ಕಲಿಯಬಲ್ಲರು. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಬೇಕು. ಎಂಟನೆಯ ತರಗತಿಯಿಂದ ಮೇಲಿನವರಿಗೆ ಎದೆ ಒತ್ತುವುದನ್ನು ಹೇಳಿಕೊಡಬಹುದು. ಅದಕ್ಕೆ ಬೆಲೆಬಾಳುವ ಗೊಂಬೆ ಬೇಕಿಲ್ಲ. ಗೋಣಿಚೀಲದಲ್ಲಿ ಹಳೆಯ ಬಟ್ಟೆ ಗಟ್ಟಿಯಾಗಿ ತುಂಬಿ ಹೊಲಿದರೆ ಅಭ್ಯಾಸಕ್ಕೆ ನಡೆಯುತ್ತದೆ. ಕಲಿಸುವವರಾಗಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನವರೋ, 108ರ ಸಿಬ್ಬಂದಿಯೋ ಬರಬಹುದು. ಅವರು ತೆಲುಗಿನಲ್ಲಿ ಹೇಳಿದರೆ ಕನ್ನಡ ಶಿಕ್ಷಕರು ಪಕ್ಕದಲ್ಲಿ ನಿಂತು ಅದನ್ನು ಕನ್ನಡದಲ್ಲಿ ಮಾಡಿಸಬೇಕು. ಕನ್ನಡ ಬಲ್ಲ ಆಶಾ ಕಾರ್ಯಕರ್ತೆ ಊರಿನಲ್ಲಿದ್ದರೆ ಇನ್ನೂ ಒಳಿತು.

ಶಿಕ್ಷಕರ ಹಿಂಜರಿಕೆಗೂ ಕಾರಣವಿದೆ. ಮುಟ್ಟಿದರೆ ಮೈಮೇಲೆ ಬರುತ್ತದೆ, ಪೊಲೀಸರಿಗೆ ಹೇಳಿಕೆ ಕೊಡುತ್ತ ತಿರುಗಬೇಕಾಗುತ್ತದೆ ಎಂಬ ಅಂಜಿಕೆ. ರಸ್ತೆ ಅಪಘಾತದ ಮಟ್ಟಿಗಾದರೂ ಆ ಅಂಜಿಕೆಗೆ ಕಾನೂನು ಉತ್ತರ ಕೊಟ್ಟಿದೆ. ಗಾಯಾಳುವಿಗೆ ನೆರವಾದವರನ್ನು ಪೀಡಿಸಬಾರದೆಂಬ ನಿಯಮಗಳಿಗೆ 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಕಾನೂನಿನ ಬಲ ನೀಡಿತು; 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ ಅದು ಸೇರಿತು. ಶಾಲೆಯ ಅಂಗಳದಲ್ಲಿ ಶಿಕ್ಷಕರಿಗೆ ಆ ಧೈರ್ಯ ಕೊಡಬೇಕಾದವರು ಪಾಲಕರೇ. ತಣ್ಣೀರು ಹುಯ್ದ ಮೇಷ್ಟರನ್ನು ಮಸಿ ಯಾಕೆ ಹಚ್ಚಲಿಲ್ಲವೆಂದು ಗದರಿಸುವ ತಂದೆ ಇದ್ದರೆ ಯಾವ ತರಬೇತಿಯೂ ನಿಲ್ಲದು.

2024ರಿಂದ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಅಮ್ಮ ಆದರ್ಶ ಪಾಠಶಾಲಾ ಸಮಿತಿಗಳಿವೆ; ಸ್ವಸಹಾಯ ಸಂಘಗಳ ತಾಯಂದಿರೇ ಅದರಲ್ಲಿ ಇರುವವರು. ಗೋಡೆ, ಶೌಚಾಲಯ, ವಿದ್ಯುತ್ತಿನ ಕೆಲಸಗಳನ್ನು ನೋಡಿಕೊಂಡ ಆ ತಾಯಂದಿರು ಮುಂದಿನ ಸಭೆಯಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ತರಿಸಿ ಮೇಜಿನ ಮೇಲೆ ತೆರೆಸಲಿ. ಓಆರ್‌ಎಸ್ ಪೊಟ್ಟಣಗಳು ಎಷ್ಟಿವೆ, ಅವುಗಳ ಅವಧಿ ಯಾವ ತಿಂಗಳಿಗೆ ತೀರುತ್ತದೆ, ಹತ್ತಿ, ಬ್ಯಾಂಡೇಜು, ಕತ್ತರಿ, ಸಾಬೂನು ಇವೆಯೇ ಎಂದು ನೋಡಲಿ. ಎಷ್ಟೋ ಕಡೆ ಆ ಪೆಟ್ಟಿಗೆ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಬೀಗದ ಹಿಂದೆ ಇರುತ್ತದೆ; ಅವರು ಮಂಡಲದ ಮೀಟಿಂಗಿಗೆ ಹೋದ ದಿನ ಬೀಗದ ಕೈಯೂ ಅವರ ಜೇಬಿನಲ್ಲೇ ಹೋಗುತ್ತದೆ. ಪೆಟ್ಟಿಗೆಯನ್ನು ಮಕ್ಕಳ ಕೈಗೆಟುಕುವ ಮೊಳೆಗೆ ತೂಗುಹಾಕಿ, ಪಕ್ಕದಲ್ಲಿ ಊರು, ಮಂಡಲ, ಜಿಲ್ಲೆಯ ಹೆಸರುಗಳನ್ನೂ ಆ ಐದು ತೆಲುಗು ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲಿ ದಪ್ಪಕ್ಷರದಲ್ಲಿ ಬರೆಸುವುದು ಅರ್ಧ ದಿನದ ಕೆಲಸ.